ಒಂದು ಬಿಲ್ಲಿಗಾಗಿ ಎಂಟು ವರ್ಷ

(ವೇಲ್ಸ್ ನಾಡಿನ ಗೆಳೆಯರ ಮನೆಯಲ್ಲಿ ಮೂರು ವಾರ ಇದ್ದು ಬಂದ ಮುದ್ರಣಾಲಯದ ಮಾಲೀಕರೊಬ್ಬರು ಬೆಂಗಳೂರಿನ ಕನ್ನಡ ಯುವಕ ಯುವತಿಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ, ಪ್ರೆಸ್ಸಿನವನು. ಓದಿದ್ದು ಪಿಯುಸಿ. ನಿಮ್ಮ ಕರಪತ್ರ, ಭಿತ್ತಿಪತ್ರ ಅಚ್ಚು ಹಾಕಿ ಕೊಡುವವನನ್ನೇ ಇವತ್ತು ಮೈಕಿನ ಮುಂದೆ ನಿಲ್ಲಿಸಿದ್ದೀರಿ. "ವಿದೇಶಕ್ಕೆ ಹೋಗಿ ಬಂದಿರಲ್ಲ, ಕಂಡದ್ದು ಹೇಳಿ" ಅಂತ ಕೇಳಿದಿರಿ. ಲಂಡನ್ನಿನ ಗಡಿಯಾರದ ಗೋಪುರ, ಅರಮನೆ, ನದಿ ಇವೆಲ್ಲ ನಿಮ್ಮ ಜೇಬಿನ ಮೊಬೈಲಿನಲ್ಲೇ ಇವೆ. ಅದನ್ನು ನನ್ನ ಬಾಯಲ್ಲಿ ಕೇಳಿ ನಿಮಗೆ ಆಗಬೇಕಾದ್ದೇನೂ ಇಲ್ಲ. ನಾನು ಹೇಳುವುದು ಕಾಗದದ ವಿಷಯ. ಬಿಲ್ಲು, ರಸೀದಿ, ಅರ್ಜಿ, ಚೀಟಿ, ಹೀಗೆ ನಾವೆಲ್ಲ ಓದದೆ ಮಡಿಚಿ ಜೇಬಿಗೆ ಹಾಕಿಕೊಳ್ಳುವ ಕಾಗದಗಳ ವಿಷಯ.

2024ರ ಜೂನ್ ತಿಂಗಳಲ್ಲಿ ನಾನು ವೇಲ್ಸ್ ದೇಶದ ರಾಜಧಾನಿ ಕಾರ್ಡಿಫ್ ನಗರಕ್ಕೆ ಹೋಗಿದ್ದೆ. ಹಾಸನದಲ್ಲಿ ನನ್ನ ಜತೆ ಪಿಯುಸಿ ಓದಿದ ಗೆಳೆಯ ಅಲ್ಲಿ ಡಾಕ್ಟರು. ಅವನ ಮನೆಯವರು ದಾವಣಗೆರೆ ಕಡೆಯವರು, ಔಷಧಿ ಅಂಗಡಿಯಲ್ಲಿ ಕೆಲಸ. ಇಬ್ಬರು ಮಕ್ಕಳು. ಆರು ತಿಂಗಳಿಗೆಂದು ಬಂದಿದ್ದ ಗೆಳೆಯನ ತಾಯಿಯೂ ಮನೆಯಲ್ಲಿದ್ದರು. ರಾತ್ರಿ ಒಂಬತ್ತೂವರೆಗೂ ಬೆಳಕಿರುವ ಕಾಲ ಅದು. ಊಟವಾದ ಮೇಲೂ ಹಿತ್ತಲಲ್ಲಿ ಕೂತು ಮಾತಾಡುವಷ್ಟು ಹೊತ್ತು ಸಿಗುತ್ತಿತ್ತು. ಹೋಟೆಲಿನಲ್ಲಿ ಉಳಿದವನಿಗೆ ಊರಿನ ಮುಖ ಮಾತ್ರ ಕಾಣುತ್ತದೆ. ಒಂದು ಮನೆಯಲ್ಲಿ ಉಳಿದರೆ ಆ ಮನೆಗೆ ಬರುವ ಟಪಾಲು ಕಾಣುತ್ತದೆ, ಮಕ್ಕಳ ಶಾಲೆಯ ಪುಸ್ತಕ ಕಾಣುತ್ತದೆ. ಊರಿನ ಗುಟ್ಟೆಲ್ಲ ಇರುವುದು ಅಲ್ಲಿ.

ಬಾಗಿಲ ಸಂದಿಯಿಂದ ಬಿದ್ದ ಕಾಗದ

ಅಲ್ಲಿ ಟಪಾಲನ್ನು ಮನೆಬಾಗಿಲಿನ ಸಂದಿಯಿಂದ ಒಳಗೆ ತಳ್ಳಿ ಹೋಗುತ್ತಾರೆ. ನಾನು ಹೋದ ಎರಡನೆಯ ದಿನವೇ ನಾಲ್ಕು ಕಾಗದ ಬಿದ್ದವು. ಒಂದು ನಗರಸಭೆಯ ಮನೆ ತೆರಿಗೆಯದು. ಇನ್ನೊಂದು ಕಸ ಬೇರ್ಪಡಿಸುವ ಬಗ್ಗೆ. ಮತ್ತೊಂದು ಆಸ್ಪತ್ರೆಯಿಂದ, ತಪಾಸಣೆಗೆ ಬರಬೇಕಾದ ದಿನ ತಿಳಿಸಿ. ಕೊನೆಯದು ಶಾಲೆಯದು. ನಾಲ್ಕರಲ್ಲೂ ಎರಡು ಭಾಷೆ. ಒಂದು ಇಂಗ್ಲೀಷ್. ಇನ್ನೊಂದು ಅದೇ ರೋಮನ್ ಅಕ್ಷರದಲ್ಲಿ ಬರೆದ, ಆದರೆ ಇಂಗ್ಲೀಷ್ ಬಲ್ಲವನಿಗೆ ಒಂದು ಪದವೂ ಹತ್ತದ ಭಾಷೆ. ಅದು ವೆಲ್ಷ್. ಅವರು ತಮ್ಮ ಭಾಷೆಗೆ ಇಟ್ಟುಕೊಂಡ ಹೆಸರು 'ಕಮ್ರೈಗ್'. ನಾಡಿಗೆ 'ಕಮ್ರಿ'. ವೇಲ್ಸ್ ಅನ್ನುವುದು ಹೊರಗಿನವರು ಇಟ್ಟ ಹೆಸರು.

ಪ್ರೆಸ್ಸಿನವನಾದ್ದರಿಂದ ನಾನು ಮೊದಲು ನೋಡಿದ್ದು ಅಕ್ಷರದ ಗಾತ್ರ. ನಮ್ಮಲ್ಲಿ ಕಾಟಾಚಾರಕ್ಕೆ ಕನ್ನಡ ಹಾಕುವಾಗ ಏನು ಮಾಡುತ್ತಾರೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಇಂಗ್ಲೀಷ್ ಹದಿನಾಲ್ಕು ಪಾಯಿಂಟಿನಲ್ಲಿ, ದಪ್ಪಕ್ಷರದಲ್ಲಿ. ಕನ್ನಡ ಎಂಟು ಪಾಯಿಂಟಿನಲ್ಲಿ, ಮೂಲೆಯಲ್ಲಿ, ಒತ್ತಕ್ಷರ ಕೆಳಗಿನ ಸಾಲಿಗೆ ತಗುಲಿಕೊಂಡು. ಆ ಕಾಗದಗಳಲ್ಲಿ ಎರಡು ಭಾಷೆಗೂ ಒಂದೇ ಗಾತ್ರ, ಒಂದೇ ಮಸಿ, ಒಂದೇ ಅಂತರ. ರಸ್ತೆಗೆ ಇಳಿದರೂ ಅದೇ. ನೆಲದ ಮೇಲೆ 'ನಿಧಾನ' ಅಂತ ಬಿಳಿ ಬಣ್ಣದಲ್ಲಿ ಬರೆದದ್ದು ಎರಡೂ ಭಾಷೆಯಲ್ಲಿ. ಪೊಲೀಸ್ ವಾಹನದ ಮೇಲೆ ಎರಡು ಭಾಷೆ. ರೈಲಿನಲ್ಲಿ ಮುಂದಿನ ನಿಲ್ದಾಣದ ಹೆಸರನ್ನು ಮೊದಲು ವೆಲ್ಷಿನಲ್ಲಿ ಕೂಗಿ ಆಮೇಲೆ ಇಂಗ್ಲೀಷಿನಲ್ಲಿ ಕೂಗುತ್ತಾರೆ. ಹಣ ತೆಗೆಯುವ ಯಂತ್ರದಲ್ಲೂ ವೆಲ್ಷಿನ ಗುಂಡಿ ಇದೆ.

ಇದನ್ನೆಲ್ಲ ನೋಡಿ, ಈ ಭಾಷೆ ಆಡುವವರು ಕೋಟಿಗಟ್ಟಲೆ ಇರಬೇಕು ಅಂದುಕೊಳ್ಳುತ್ತೀರಿ. ಇಲ್ಲ ಸ್ವಾಮಿ. 2021ರ ಜನಗಣತಿಯಂತೆ ವೇಲ್ಸಿನಲ್ಲಿ ವೆಲ್ಷ್ ಆಡಬಲ್ಲವರು ಸುಮಾರು 5 ಲಕ್ಷ 38 ಸಾವಿರ. ನೂರಕ್ಕೆ ಹದಿನೆಂಟು ಮಂದಿಯೂ ಇಲ್ಲ. ನಮ್ಮ ಮೈಸೂರು ನಗರ ಒಂದರ ಜನಸಂಖ್ಯೆಗಿಂತ ಕಡಿಮೆ. ಕನ್ನಡವನ್ನು ತಾಯ್ನುಡಿ ಅಂತ ಬರೆಸಿದವರು 2011ರ ಜನಗಣತಿಯಲ್ಲಿ 4 ಕೋಟಿ 37 ಲಕ್ಷ. ಅವರೊಬ್ಬರಿಗೆ ನಾವು ಎಂಬತ್ತು ಜನ. ಆದರೆ ಅವರ ಬಿಲ್ಲಿನಲ್ಲಿ ಅವರ ಭಾಷೆ ಇದೆ. ನಮ್ಮ ಜೇಬಿನಲ್ಲಿರುವ ಬಿಲ್ಲು ತೆಗೆದು ನೋಡೋಣವೇ?

ಕೊರಳಿಗೆ ಮರದ ತುಂಡು

ಈ ಮರ್ಯಾದೆ ಅವರಿಗೆ ಯಾರೋ ಕರುಣೆಯಿಂದ ಕೊಟ್ಟದ್ದಲ್ಲ. 1536ರಲ್ಲಿ ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯ ಕಾಲದ ಕಾನೂನು ವೇಲ್ಸನ್ನು ಇಂಗ್ಲೆಂಡಿಗೆ ಸೇರಿಸಿತು. ಕೋರ್ಟಿನ ಭಾಷೆ ಇಂಗ್ಲೀಷ್ ಎಂದಿತು. ವೆಲ್ಷ್ ಮಾತ್ರ ಆಡುವವನಿಗೆ ಸರ್ಕಾರಿ ಹುದ್ದೆ ಇಲ್ಲ ಎಂದಿತು. ಆಗಲೂ ಭಾಷೆ ಸಾಯಲಿಲ್ಲ. ಮನೆಯಲ್ಲಿತ್ತು, ಹೊಲದಲ್ಲಿತ್ತು. 1588ರಲ್ಲಿ ಬಿಷಪ್ ವಿಲಿಯಂ ಮಾರ್ಗನ್ ಎಂಬುವರ ಬೈಬಲ್ ಅನುವಾದ ಅಚ್ಚಾಗಿ ಚರ್ಚಿನೊಳಗೂ ಬಂತು. ಒಂದು ಪುಸ್ತಕ ಅಚ್ಚಾದದ್ದರಿಂದ ಒಂದು ಭಾಷೆ ಉಳಿಯಿತು ಅಂತ ಅಲ್ಲಿಯ ಜನ ಇವತ್ತಿಗೂ ಹೇಳುತ್ತಾರೆ. ಪ್ರೆಸ್ಸಿನವನಾದ ನನಗೆ ಇದಕ್ಕಿಂತ ಹಿಗ್ಗಿನ ಮಾತು ಬೇರೆ ಇಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಶಾಲೆಗಳಲ್ಲಿ ಇನ್ನೊಂದು ಉಪಾಯ ಶುರುವಾಯಿತು. ವೆಲ್ಷ್ ಮಾತಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಒಂದು ಮರದ ತುಂಡು ನೇತುಹಾಕುವುದು. ಇನ್ನೊಂದು ಮಗು ವೆಲ್ಷ್ ಆಡಿದರೆ ತುಂಡು ಆ ಮಗುವಿನ ಕೊರಳಿಗೆ. ಸಂಜೆ ಅದು ಯಾರ ಕೊರಳಲ್ಲಿ ಉಳಿಯಿತೋ ಅವರಿಗೆ ಬೆತ್ತದ ಏಟು. ಮಕ್ಕಳೇ ಮಕ್ಕಳ ಮೇಲೆ ಗೂಢಚಾರರಾಗಬೇಕು! ಆ ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಎಷ್ಟೋ ಜನ ಇದಕ್ಕೆ ಅಡ್ಡಿ ಹೇಳಲಿಲ್ಲ. ಇಂಗ್ಲೀಷ್ ಬಂದರೆ ಮಗ ಉದ್ಧಾರವಾಗುತ್ತಾನೆ ಅಂದುಕೊಂಡರು.

ನಗಬೇಡಿ. ಕನ್ನಡ ಮಾತಾಡಿದರೆ ದಂಡ ಹಾಕುವ ಶಾಲೆಗಳ ಕಥೆ ಈ ಸಭೆಯಲ್ಲಿ ಎಷ್ಟು ಜನಕ್ಕೆ ಗೊತ್ತು, ಕೈ ಎತ್ತಿ ನೋಡೋಣ. ನೋಡಿ, ಅರ್ಧ ಸಭೆಯ ಕೈ ಮೇಲಿದೆ. ಆ ದಂಡದ ಹಣ ಕಟ್ಟಿದವರು ಯಾರು? ನಮ್ಮ ಅಪ್ಪ ಅಮ್ಮಂದಿರೇ.

1911ರಲ್ಲಿ ವೇಲ್ಸಿನಲ್ಲಿ ನೂರಕ್ಕೆ ನಲವತ್ತಮೂರು ಜನ ವೆಲ್ಷ್ ಆಡುತ್ತಿದ್ದರು. ಆಮೇಲೆ ಇಳಿಯುತ್ತಲೇ ಹೋಯಿತು. ಹೀಗೆ ಇಳಿಯುತ್ತಿದ್ದ ಕಾಲದಲ್ಲೇ ಒಂದು ಸಾಮಾನ್ಯ ಸಂಸಾರ ಎದ್ದು ನಿಂತಿತು. ನಾನು ಇವತ್ತು ಹೇಳಬೇಕೆಂದು ಬಂದದ್ದು ಆ ಸಂಸಾರದ ಕಥೆ.

ಪಿಯಾನೋ ಹೋಯಿತು, ಹಟ ಹೋಗಲಿಲ್ಲ

ದಕ್ಷಿಣ ವೇಲ್ಸಿನಲ್ಲಿ ಲಾನೆಲಿ ಎಂಬ ಪಟ್ಟಣದ ಹತ್ತಿರ ಲಾಂಗೆನೆಖ್ ಎಂಬ ಹಳ್ಳಿ. ಅಲ್ಲಿ ಟ್ರೆವರ್ ಬೀಸ್ಲಿ ಎಂಬ ಕಲ್ಲಿದ್ದಲ ಗಣಿಯ ಕೆಲಸಗಾರ, ಅವನ ಹೆಂಡತಿ ಐಲೀನ್. 1952ರಲ್ಲಿ ಒಂದು ಮನೆ ಕೊಂಡರು. ಮನೆ ಕಂದಾಯದ ಬಿಲ್ಲು ಬಂತು. ಬರೀ ಇಂಗ್ಲೀಷಿನಲ್ಲಿತ್ತು. ಆ ಸುತ್ತಿನಲ್ಲಿ ಬಹುಪಾಲು ಜನ ವೆಲ್ಷ್ ಆಡುವವರು. ಕೌನ್ಸಿಲ್ಲಿನ ಸದಸ್ಯರು, ಗುಮಾಸ್ತರು ಕೂಡ ಅದೇ ಭಾಷೆಯವರು. ಬೀದಿಯಲ್ಲಿ ಸಿಕ್ಕರೆ ವೆಲ್ಷಿನಲ್ಲೇ ಮಾತು, ಬಿಲ್ಲು ಮಾತ್ರ ಇಂಗ್ಲೀಷಿನಲ್ಲಿ. ಈ ರೋಗ ನಮಗೆ ಹೊಸದಲ್ಲ, ಅಲ್ಲವೇ?

ಗಂಡ ಹೆಂಡಿರು ಹೇಳಿದ್ದು ಇಷ್ಟೇ. ಕಂದಾಯ ಕಟ್ಟುತ್ತೇವೆ, ಒಂದು ಪೈಸೆ ಕಡಿಮೆ ಮಾಡಿ ಅಂತ ಕೇಳುವುದಿಲ್ಲ. ಬಿಲ್ಲು ನಮ್ಮ ಭಾಷೆಯಲ್ಲಿ ಕೊಡಿ.

ಕೌನ್ಸಿಲ್ ಕೊಡಲಿಲ್ಲ. ಕೋರ್ಟಿಗೆ ಎಳೆಯಿತು. ಒಂದು ಸಲವಲ್ಲ, ಹತ್ತಕ್ಕೂ ಹೆಚ್ಚು ಸಲ. ಅಮೀನರು ಮನೆಗೆ ಬಂದು ಸಾಮಾನು ಜಪ್ತಿ ಮಾಡಿದರು. ಕುರ್ಚಿ ಹೋಯಿತು. ನೆಲದ ಜಮಖಾನೆ ಹೋಯಿತು. ಪಿಯಾನೋ ಹೋಯಿತು. ಮನೆಯಲ್ಲಿ ಚಿಕ್ಕ ಮಕ್ಕಳು. ಗಣಿ ಕೆಲಸಗಾರನ ಸಂಸಾರದಲ್ಲಿ ಒಂದು ಕುರ್ಚಿ ಹೋದರೆ ಮತ್ತೊಂದು ತರುವುದು ಸುಲಭವಲ್ಲ. ಆದರೂ ಅವರು ಕಲ್ಲು ಎಸೆಯಲಿಲ್ಲ, ಯಾರನ್ನೂ ಬೈಯಲಿಲ್ಲ. ಬಿಲ್ಲು ಬಂದಾಗಲೆಲ್ಲ ಅದೇ ಮಾತು: ನಮ್ಮ ಭಾಷೆಯಲ್ಲಿ ಕೊಡಿ. ಕೊನೆಗೆ 1960ರಲ್ಲಿ ಎರಡು ಭಾಷೆಯ ಬಿಲ್ಲು ಅವರ ಮನೆಗೆ ಬಂತು. ಒಂದು ಕಾಗದಕ್ಕಾಗಿ ಎಂಟು ವರ್ಷ!

ಯೋಚನೆ ಮಾಡಿ. ಅವರು ಮಹಾಕಾವ್ಯ ಬರೆಯಲಿಲ್ಲ, ಬಾವುಟ ಹಾರಿಸಲಿಲ್ಲ. ಕೇಳಿದ್ದು ಬಿಲ್ಲು. ಯಾಕೆಂದರೆ ಸಾಮಾನ್ಯ ಮನುಷ್ಯನೂ ಸರ್ಕಾರವೂ ಮುಖಾಮುಖಿಯಾಗುವುದು ಬಿಲ್ಲಿನಲ್ಲಿ, ಅರ್ಜಿಯಲ್ಲಿ, ನೋಟೀಸಿನಲ್ಲಿ. ಅಲ್ಲಿ ನಿಮ್ಮ ಭಾಷೆ ಇಲ್ಲ ಅಂದರೆ, ಆಳುವವರ ಲೆಕ್ಕದಲ್ಲಿ ನೀವೂ ಇಲ್ಲ.

ಸೇತುವೆಯ ಮೇಲೆ ಕೂತ ಹುಡುಗರು

1962ರ ಫೆಬ್ರವರಿ 13ರಂದು ಸಾಂಡರ್ಸ್ ಲೂಯಿಸ್ ಎಂಬ ಸಾಹಿತಿ ಬಿಬಿಸಿ ರೇಡಿಯೋದಲ್ಲಿ ತಮ್ಮ ಭಾಷೆಯ ಗತಿಯನ್ನು ಕುರಿತು ಭಾಷಣ ಮಾಡಿದರು. ಬೀಸ್ಲಿ ದಂಪತಿಗಳ ಕಥೆಯನ್ನೇ ಮುಂದಿಟ್ಟು, ದಾರಿ ಇದು ಎಂದು ತೋರಿಸಿದರು. ಅದೇ ವರ್ಷ ಯುವಕರು ಸೇರಿ ವೆಲ್ಷ್ ಭಾಷಾ ಸಂಘ ಕಟ್ಟಿದರು. 1963ರ ಫೆಬ್ರವರಿ 2ರಂದು ಅಬೆರಿಸ್ಟ್‌ವಿತ್ ಊರಿನ ಟ್ರೆವೆಖನ್ ಸೇತುವೆಯ ಮೇಲೆ ಕೂತು ವಾಹನ ತಡೆದರು. ಅವರ ಬೇಡಿಕೆ ಏನು ಗೊತ್ತೇ? ಕೋರ್ಟಿನ ಸಮನ್ಸು ವೆಲ್ಷಿನಲ್ಲಿ ಬರಲಿ ಅಂತ. ಮತ್ತೆ ಕಾಗದ!

ಗೆಳೆಯ ಒಂದು ಭಾನುವಾರ ನನ್ನನ್ನು ಕಾರಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋಗಿದ್ದ. ಸಾಧಾರಣ ಕಲ್ಲಿನ ಸೇತುವೆ. ನಮ್ಮ ಊರುಗಳಲ್ಲಿ ಇಂಥವು ಎಷ್ಟೋ ಇವೆ. ಅದರ ಮೇಲೆ ನಿಂತಾಗ ನನಗೆ ಬಂದ ಯೋಚನೆ ಬೇರೆ. ನಮ್ಮ ರಾಜ್ಯಭಾಷಾ ಕಾನೂನು ಆದದ್ದೂ 1963ರಲ್ಲೇ. ಆ ಹುಡುಗರು ಒಂದು ಸಮನ್ಸಿಗಾಗಿ ಚಳಿಯಲ್ಲಿ ರಸ್ತೆಯ ಮೇಲೆ ಕೂತ ವರ್ಷ ನಮಗೆ ಕಾನೂನೇ ಸಿಕ್ಕಿತ್ತು. ಅವರಿಗೆ 1967ರಲ್ಲಿ ಅರೆಬರೆ ಕಾನೂನು ಬಂತು, 1993ರಲ್ಲಿ ಇನ್ನಷ್ಟು ಗಟ್ಟಿ ಕಾನೂನು, 2011ರಲ್ಲಿ ಅಧಿಕೃತ ಭಾಷೆಯ ಸ್ಥಾನ. ಕಾನೂನಿನಲ್ಲಿ ನಾವು ಮುಂದೆ, ಕಾಗದದಲ್ಲಿ ಅವರು ಮುಂದೆ. ಯಾಕೆ? ಅವರು ಕಾನೂನು ಬರುವ ಮೊದಲೂ ಕೇಳಿದರು, ಬಂದ ಮೇಲೂ ಕೇಳಿದರು. ನಾವು ಕಾನೂನು ಬಂದ ಮೇಲೆ ಕೇಳುವುದನ್ನು ಬಿಟ್ಟೆವು.

ಇನ್ನೂ ಒಂದು ಹೋಲಿಕೆ. ವೆಲ್ಷಿನಲ್ಲಿ ಟೀವಿ ಚಾನೆಲ್ ಕೊಡುತ್ತೇವೆ ಅಂತ ಮಾತು ಕೊಟ್ಟ ಸರ್ಕಾರ ಹಿಂದೆ ಸರಿದಾಗ ಗ್ವಿನ್‌ವರ್ ಎವಾನ್ಸ್ ಎಂಬ ಹಿರಿಯ ನಾಯಕರು 1980ರಲ್ಲಿ ಆಮರಣ ಉಪವಾಸ ಕೂರುವುದಾಗಿ ಸಾರಿದರು. ಉಪವಾಸ ಶುರುವಾಗುವ ಮುಂಚೆಯೇ ಸರ್ಕಾರ ಮಣಿಯಿತು. 1982ರ ನವೆಂಬರ್ 1ರಂದು ಆ ಚಾನೆಲ್ ಶುರುವಾಯಿತು. ಹೌದು, ನವೆಂಬರ್ ಒಂದು! ಅದೇ 1982ರಲ್ಲಿ ನಮ್ಮಲ್ಲಿ ಗೋಕಾಕ್ ಚಳುವಳಿ, ಡಾ. ರಾಜ್‌ಕುಮಾರ್ ಬೀದಿಗಿಳಿದದ್ದು. ಹಾಗಾಗಿ ನಾವು ಹೋರಾಡಿಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಮಹಾಹೋರಾಟ ಮುಗಿದ ಮಾರನೆಯ ದಿನ ಕೌಂಟರಿನ ಮುಂದೆ ನಿಂತು ಮಾಡಬೇಕಾದ ಚಿಕ್ಕ ಹೋರಾಟ ಒಂದು ಇದೆಯಲ್ಲ, ಅದನ್ನು ನಾವು ಮರೆತೆವು.

ನಮ್ಮ ಕಸುಬಿನವರ ವಿಷಯವನ್ನೂ ಹೇಳಿಬಿಡುತ್ತೇನೆ. ಅಬೆರಿಸ್ಟ್‌ವಿತ್ ಹತ್ತಿರದ ತಾಲ್-ಅ-ಬಾಂಟ್ ಎಂಬ ಹಳ್ಳಿಯಲ್ಲಿ 1967ರಲ್ಲಿ ಶುರುವಾದ 'ಅ ಲೋಲ್ವ' ಎಂಬ ಪ್ರೆಸ್ಸಿದೆ. ಚಳುವಳಿಯ ಹುಡುಗರ ಭಿತ್ತಿಪತ್ರ ಅಚ್ಚು ಹಾಕುತ್ತಲೇ ಬೆಳೆದ ಪ್ರೆಸ್ಸು, ಇವತ್ತು ಪುಸ್ತಕ ಪ್ರಕಾಶನವೂ ಹೌದು. ನಾವು ಹೋದದ್ದು ಭಾನುವಾರ, ಬಾಗಿಲು ಹಾಕಿತ್ತು. ಹೊರಗೆ ನಿಂತೇ ಒಂದು ನಮಸ್ಕಾರ ಹಾಕಿ ಬಂದೆ. ಇನ್ನೊಂದು, ಅಲ್ಲಿಯ ಊರೂರಿನ ಪತ್ರಿಕೆಗಳು. 1973ರಲ್ಲಿ ಕಾರ್ಡಿಫ್‌ನಲ್ಲಿ 'ನಾಗರಿಕ' ಎಂಬ ಅರ್ಥದ ಹೆಸರಿನ ಪತ್ರಿಕೆ ಮೊದಲು ಹೊರಟಿತು. ಅದನ್ನು ನೋಡಿ ನಾಡೆಲ್ಲ ಇಂಥ ಪತ್ರಿಕೆಗಳು ಹುಟ್ಟಿದವು. ಸಂಬಳವಿಲ್ಲದೆ ಊರಿನವರೇ ಬರೆದು, ಮಡಿಚಿ, ಹಂಚುವ ಪತ್ರಿಕೆಗಳು. ಯಾರ ಮಗಳ ಮದುವೆ, ಯಾರ ಹಸು ಬಹುಮಾನ ಗೆದ್ದಿತು, ಯಾರು ತೀರಿಕೊಂಡರು, ಎಲ್ಲ ವೆಲ್ಷಿನಲ್ಲಿ. ನೀವು ಕೈಯಲ್ಲಿ ಹಿಡಿದಿರುವ ಈ ಪತ್ರಿಕೆ ಆ ಜಾತಿಯದೇ.

"ಎಲ್ಲಿ ನೋವು?"

ಬಿಲ್ಲು, ಚೀಟಿ ಅಂದರೆ ಸಣ್ಣ ವಿಷಯ ಅನ್ನಿಸಬಹುದು. ಗೆಳೆಯ ಹೇಳಿದ ಒಂದು ಸಂಗತಿ ಕೇಳಿ. ಅವನ ವಾರ್ಡಿಗೆ ಹಳ್ಳಿಯ ಕಡೆಯ ಒಬ್ಬ ಮುದುಕ ರೈತ ಬಂದಿದ್ದನಂತೆ. ಮರೆವಿನ ಕಾಯಿಲೆ. ಆಯುಷ್ಯವೆಲ್ಲ ಇಂಗ್ಲೀಷಿನಲ್ಲೂ ವ್ಯವಹಾರ ಮಾಡಿದವನು. ಆದರೆ ಕಾಯಿಲೆ ಹೆಚ್ಚಿದಂತೆ ಕಲಿತ ಭಾಷೆ ಜಾರಿಹೋಗಿ ತಾಯಿ ಕೊಟ್ಟ ಭಾಷೆ ಮಾತ್ರ ಉಳಿದಿತ್ತು. ಗೆಳೆಯ ಇಂಗ್ಲೀಷಿನಲ್ಲಿ ಕೇಳಿದರೆ ಸುಮ್ಮನೆ ನೋಡುತ್ತಿದ್ದನಂತೆ. ಆಗ ಕಿತ್ತಳೆ ಬಣ್ಣದ ಬ್ಯಾಡ್ಜ್ ಹಾಕಿದ ನರ್ಸ್ ಒಬ್ಬಳು ಬಂದಳು. ಆ ಬ್ಯಾಡ್ಜ್ ಇದ್ದರೆ 'ನನ್ನ ಜತೆ ವೆಲ್ಷಿನಲ್ಲಿ ಮಾತಾಡಬಹುದು' ಅಂತ ಅರ್ಥ. ಅವಳು ಎರಡು ಮಾತು ಕೇಳಿದ್ದೇ ತಡ, ಮುದುಕ ಹೊಟ್ಟೆಯ ಬಲಗಡೆ ಮುಟ್ಟಿ ತೋರಿಸಿದ.

2012ರಿಂದ ಅಲ್ಲಿಯ ಸರ್ಕಾರದ ಆರೋಗ್ಯ ಇಲಾಖೆಯಲ್ಲಿ ಒಂದು ನೀತಿ ಇದೆ. ರೋಗಿ ಬಾಯಿಬಿಟ್ಟು ಕೇಳುವ ಮೊದಲೇ ಅವನ ಭಾಷೆಯಲ್ಲಿ ಸೇವೆ ಬೇಕೇ ಅಂತ ನಾವೇ ಕೇಳಬೇಕು. ಯಾಕೆಂದರೆ ಮಂಚದ ಮೇಲೆ ಮಲಗಿರುವವನಿಗೆ ಹಕ್ಕು ಕೇಳುವ ತ್ರಾಣ ಇರುವುದಿಲ್ಲ.

ಈ ಮಾತು ಕೇಳಿದಾಗ ನನಗೆ ನಮ್ಮ ಚಿಕ್ಕಮ್ಮ ನೆನಪಾದರು. ಮಾಗಡಿ ಕಡೆಯವರು, ಅಕ್ಷರ ಬಾರದವರು. ಬೆಂಗಳೂರಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ತುರ್ತು ಚಿಕಿತ್ಸೆಗೆ ಸೇರಿಸಿದ್ದೆವು. ಒಳಗೆ ನಮ್ಮನ್ನು ಬಿಡಲಿಲ್ಲ. ಒಳಗಿದ್ದವರಿಗೆ ಕನ್ನಡ ಬರುತ್ತಿರಲಿಲ್ಲ. "ಎಲ್ಲಿ ನೋವು" ಅನ್ನುವ ಎರಡು ಪದ, ಬೆಂಗಳೂರಿನಲ್ಲಿ, ಬೆಂಗಳೂರಿನಿಂದ ಐವತ್ತು ಕಿಲೋಮೀಟರ್ ದೂರದ ಹೆಣ್ಣುಮಗಳನ್ನು ಕೇಳುವವರಿರಲಿಲ್ಲ. ಆಮೇಲೆ ಒಪ್ಪಿಗೆ ಪತ್ರ ತಂದರು. ನಾಲ್ಕು ಪುಟ, ಪೂರಾ ಇಂಗ್ಲೀಷು. ಅವರ ಮಗ ಆಟೋ ಓಡಿಸುವವನು. "ಸೈನ್ ಮಾಡಿ, ಲೇಟ್ ಆಗುತ್ತೆ" ಅಂದರು. ಏನಕ್ಕೆ ಒಪ್ಪಿಗೆ ಕೊಡುತ್ತಿದ್ದೇನೆ ಅಂತ ತಿಳಿಯದೆಯೇ ಆ ಹುಡುಗ ತಾಯಿಯ ಪ್ರಾಣದ ಮೇಲೆ ಸಹಿ ಹಾಕಿದ. ಚಿಕ್ಕಮ್ಮ ಉಳಿದರು, ದೇವರು ದೊಡ್ಡವನು. ಆದರೆ ಆ ಕಾಗದ ಇನ್ನೂ ನನ್ನ ಕಣ್ಣ ಮುಂದಿದೆ.

"ಎರಡು ಭಾಷೆಯಲ್ಲಿ ಹಾಕಿಸಿದರೆ ಖರ್ಚು" ಅನ್ನುತ್ತಾರೆ. ಇದಕ್ಕೆ ಉತ್ತರ ಕೊಡಲು ನನಗೆ ಅಧಿಕಾರ ಇದೆ, ಯಾಕೆಂದರೆ ಇದು ನನ್ನ ಕಸುಬು. ಕಾಗದ ಬಿಳಿ, ಮಸಿ ಕಪ್ಪು. ಒಂದೇ ಪುಟದಲ್ಲಿ ಎರಡು ಭಾಷೆ ಹೊಂದಿಸಿದರೆ ಪ್ಲೇಟು ಅದೇ, ಮಸಿ ಅದೇ, ಮೆಷಿನ್ನಿನ ಕೂಲಿ ಅದೇ. ಹೆಚ್ಚಿಗೆ ಬೀಳುವುದು ಡಿಟಿಪಿ ಮಾಡುವ, ಪ್ರೂಫ್ ನೋಡುವ ಕೂಲಿ. ಅದೂ ಮೊದಲ ಸಲ ಮಾತ್ರ. ಪುಟ ಹೆಚ್ಚಾದರೆ ಇನ್ನಷ್ಟು ಕಾಗದ. ಕೋಟಿಗಟ್ಟಲೆ ವಹಿವಾಟಿನ ಆಸ್ಪತ್ರೆ, ಬ್ಯಾಂಕುಗಳಿಗೆ ಇದು ಖರ್ಚಲ್ಲ, ನೆಪ.

ಅಜ್ಜಿ ಮತ್ತು ಮೊಮ್ಮಗಳು

ಈಗ ಗೆಳೆಯನ ಮನೆಯೊಳಗಿನ ಮಾತು. ಅವರ ಅನ್ನ ಉಂಡು ಬಂದವನು ನಾನು, ದೂರು ಹೇಳಲಾರೆ. ಅವರು ಒಪ್ಪಿದ್ದರಿಂದಲೇ ಇದನ್ನು ಹೇಳುತ್ತಿದ್ದೇನೆ.

ವೇಲ್ಸಿನ ಶಾಲೆಗಳಲ್ಲಿ ಹದಿನಾರು ವರ್ಷದವರೆಗೆ ಎಲ್ಲ ಮಕ್ಕಳೂ ವೆಲ್ಷ್ ಕಲಿಯಲೇಬೇಕು. ಹೊರಗಿನಿಂದ ಬಂದವರ ಮಕ್ಕಳೂ ಅಷ್ಟೇ. ಗೆಳೆಯನ ಹನ್ನೆರಡು ವರ್ಷದ ಮಗಳು ಕಲಿಯುತ್ತಿದ್ದಾಳೆ. ಇದರಿಂದ ಅವಳಿಗೆ ಅವಮಾನವಾಯಿತು, ನಮ್ಮ ಮೇಲೆ ಹೇರಿದರು ಅಂತ ಗೆಳೆಯ ಎಂದೂ ಅಂದುಕೊಂಡಿಲ್ಲ. "ಈ ನೆಲದ ಭಾಷೆ ಕಣೋ, ಕಲೀಲಿ ಬಿಡು" ಅನ್ನುತ್ತಾನೆ. ಅವನ ಹೆಂಡತಿ ಕೂಡ ಸಂಜೆ ತರಗತಿಗೆ ಹೋಗಿ ನಾಲ್ಕು ಮಾತು ಕಲಿತಿದ್ದಾರೆ, ಅಂಗಡಿಗೆ ಬರುವ ವಯಸ್ಸಾದವರಿಗೆ ಹಿತವಾಗಲಿ ಅಂತ. ಬೆಂಗಳೂರಿಗೆ ಬಂದು ಹತ್ತು ವರ್ಷವಾದರೂ 'ಕನ್ನಡ್ ಗೊತ್ತಿಲ್ಲ' ಅನ್ನುವವರಿಗೆ ನಾವು ಜಗಳವಾಡದೆ ಹೇಳಬಹುದಾದ ಉತ್ತರ ಈ ಮನೆಯಲ್ಲಿದೆ. ಕನ್ನಡಿಗರೇ ಇನ್ನೊಂದು ನಾಡಿಗೆ ಹೋಗಿ ಅಲ್ಲಿಯ ಭಾಷೆ ಕಲಿತಿದ್ದಾರೆ. ಅದರಿಂದ ಅವರು ಚಿಕ್ಕವರಾಗಿಲ್ಲ.

ಆದರೆ ಆ ಹುಡುಗಿಗೆ ಅಜ್ಜಿಯ ಜತೆ ಮಾತಿಲ್ಲ. ಅಜ್ಜಿಗೆ ಕನ್ನಡ ಒಂದೇ ಬರುವುದು. ಮೊಮ್ಮಗಳಿಗೆ ಕನ್ನಡ ಅರ್ಥವಾಗುತ್ತದೆ, ನಾಲಿಗೆ ಹೊರಳುವುದಿಲ್ಲ. ಅಜ್ಜಿ ಕಿಟಕಿಯ ಹತ್ತಿರ ಕೂತು ರಸ್ತೆ ನೋಡುತ್ತಿರುತ್ತಾರೆ. ಒಂದು ದಿನ ನನ್ನ ಹತ್ತಿರ ಹೇಳಿದರು: "ಎಲ್ಲಾ ಚೆನ್ನಾಗಿ ನೋಡ್ಕೋತಾರೆ ಕಣಪ್ಪ. ಆದ್ರೆ ನಾನು ಮಾತಾಡ್ದೆ ಎಷ್ಟು ದಿನ ಆಯ್ತೋ." ಆರು ತಿಂಗಳಿಗೆಂದು ಬಂದ ಜೀವ, ಮೂರು ತಿಂಗಳಿಗೇ ವಾಪಸು ಹೋಗುತ್ತೇನೆ ಅನ್ನುತ್ತಿತ್ತು.

ಒಂದು ಸಂಜೆ ಹುಡುಗಿ ಶಾಲೆಯ ಪಾಠ ಜೋರಾಗಿ ಒಪ್ಪಿಸುತ್ತಿದ್ದಳು. ಈನ್, ದೈ, ತ್ರೀ, ಪೆದ್ವರ್, ಪಿಂಪ್. ವೆಲ್ಷಿನ ಒಂದು ಎರಡು ಮೂರು. ಅಜ್ಜಿ ಕಿವಿಗೊಟ್ಟು ಕೇಳಿ, "ಅದೇನೇ ಅದು?" ಅಂದರು. ಹುಡುಗಿ ಬೆರಳು ಮಡಿಚಿ ತೋರಿಸಿದಳು. ಅಜ್ಜಿಯೂ ಬೆರಳು ಮಡಿಚಿ "ಒಂದು, ಎರಡು" ಅಂದರು. ಅವಳೊಂದು, ಇವರೊಂದು. ಅರ್ಧ ಗಂಟೆಯಲ್ಲಿ ಅಜ್ಜಿಗೆ ವೆಲ್ಷಿನಲ್ಲಿ ಐದರವರೆಗೆ ಬಂತು, ಮೊಮ್ಮಗಳಿಗೆ ಕನ್ನಡದಲ್ಲಿ ಇಪ್ಪತ್ತರವರೆಗೆ. ಅಡಿಗೆಮನೆಯಿಂದ ಗೆಳೆಯನ ಹೆಂಡತಿ ಸೌಟು ಹಿಡಿದುಕೊಂಡೇ ಬಂದು ನಿಂತಿದ್ದರು. ಮಾರನೆಯ ದಿನದಿಂದ ಸಂಜೆ ಊಟದ ಹೊತ್ತಿಗೆ ಕನ್ನಡ ಬಿಟ್ಟು ಬೇರೆ ಮಾತಿಲ್ಲ ಅಂತ ಅವರೇ ನಿಯಮ ಮಾಡಿದರು. ನಾನು ಹೊರಡುವ ಹೊತ್ತಿಗೆ ಹುಡುಗಿ "ಅಜ್ಜಿ, ಉಪ್ಪು ಕೊಡು" ಅನ್ನುತ್ತಿದ್ದಳು. ಅಷ್ಟೇ. ಪವಾಡ ಏನೂ ಆಗಲಿಲ್ಲ. ಆದರೆ ವಾಪಸು ಹೋಗುವ ಮಾತನ್ನು ಅಜ್ಜಿ ಆಮೇಲೆ ಎತ್ತಲಿಲ್ಲ.

ಕಾರ್ಡಿಫ್‌ನಲ್ಲಿ ವೆಲ್ಷಿಗೆ ಸರ್ಕಾರ ಇದೆ. ಕನ್ನಡಕ್ಕೆ ಆ ಅಡಿಗೆಮನೆ ಬಿಟ್ಟರೆ ಬೇರೆ ಗತಿ ಇಲ್ಲ. ಬೆಂಗಳೂರಿನಲ್ಲಿ ನಮಗೆ ಸರ್ಕಾರವೂ ಇದೆ, ಅಡಿಗೆಮನೆಯೂ ಇದೆ. ಎರಡೂ ಇಟ್ಟುಕೊಂಡು ಸೋತರೆ ಅದನ್ನು ಬೇರೆಯವರ ತಲೆಗೆ ಕಟ್ಟಲು ಆಗುವುದಿಲ್ಲ.

ಅಲ್ಲೂ ಎಲ್ಲ ಸರಿಯಿಲ್ಲ

ವೇಲ್ಸ್ ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಉತ್ತರದ ಗ್ವಿನೆದ್ ಜಿಲ್ಲೆಯಲ್ಲಿ ನೂರಕ್ಕೆ ಅರವತ್ತನಾಲ್ಕು ಜನ ವೆಲ್ಷ್ ಬಲ್ಲವರು. ಕಾರ್ಡಿಫ್ ಬೀದಿಯಲ್ಲಿ ಕಿವಿಗೆ ಬೀಳುವುದು ಹೆಚ್ಚಾಗಿ ಇಂಗ್ಲೀಷೇ. 2011ರಿಂದ 2021ಕ್ಕೆ ವೆಲ್ಷ್ ಬಲ್ಲವರ ಲೆಕ್ಕ ಸುಮಾರು ಇಪ್ಪತ್ತನಾಲ್ಕು ಸಾವಿರ ಕಡಿಮೆಯಾಗಿದೆ. 2050ಕ್ಕೆ ಹತ್ತು ಲಕ್ಷ ಮಾಡುತ್ತೇವೆ ಅಂತ ಸರ್ಕಾರ 2017ರಲ್ಲಿ ಗುರಿ ಇಟ್ಟುಕೊಂಡಿದೆ, ದಾರಿ ದೂರವಿದೆ. ವೆಲ್ಷ್ ಗುಂಡಿ ಇದ್ದರೂ ಒತ್ತದವರು, ವೆಲ್ಷ್ ಅರ್ಜಿ ಇದ್ದರೂ ತುಂಬದವರು ಅಲ್ಲೂ ಇದ್ದಾರೆ.

ಕಾಟಾಚಾರವೂ ಇದೆ. 2008ರಲ್ಲಿ ಸ್ವಾನ್ಸಿ ನಗರದಲ್ಲಿ ಭಾರಿ ವಾಹನಗಳಿಗೆ ಪ್ರವೇಶವಿಲ್ಲ ಅನ್ನುವ ಫಲಕಕ್ಕೆ ಅನುವಾದ ಬೇಕಾಗಿತ್ತು. ಅನುವಾದಕರಿಗೆ ಇ-ಮೇಲ್ ಕಳಿಸಿದರು. ವೆಲ್ಷಿನಲ್ಲಿ ಉತ್ತರ ಬಂತು. ಅದನ್ನೇ ಫಲಕದ ಮೇಲೆ ಬರೆಸಿ ರಸ್ತೆಯಲ್ಲಿ ನಿಲ್ಲಿಸಿದರು. ಆ ಉತ್ತರದ ಅರ್ಥ ಏನು ಗೊತ್ತೇ? 'ನಾನು ಈಗ ಕಚೇರಿಯಲ್ಲಿಲ್ಲ, ಅನುವಾದ ಮಾಡಬೇಕಾದ್ದನ್ನು ಕಳಿಸಿ' ಅಂತ! ಭಾಷೆ ಬಾರದವರ ಕೈಗೆ ಪ್ರೂಫ್ ಕೊಟ್ಟರೆ ಹೀಗೇ ಆಗುವುದು. ನಮ್ಮ ಊರಿನ ಫಲಕಗಳಲ್ಲಿ ಕನ್ನಡದ ಕೊಲೆಯಾಗುವುದೂ ಇದೇ ಕಾರಣಕ್ಕೆ. ಆದರೆ ಸ್ವಾನ್ಸಿಯ ಫಲಕವನ್ನು ಓದಿ ಹಿಡಿದವರು ವೆಲ್ಷ್ ಓದುಗರು. ಓದುವವರಿದ್ದರೆ ತಪ್ಪು ಸಿಕ್ಕಿಬೀಳುತ್ತದೆ.

ನಾಳೆ ಬೆಳಿಗ್ಗೆ ಮಾಡುವ ಕೆಲಸ

ನಮ್ಮಲ್ಲಿ 2024ರ ತಿದ್ದುಪಡಿಯಂತೆ ನಾಮಫಲಕದಲ್ಲಿ ನೂರಕ್ಕೆ ಅರವತ್ತು ಭಾಗ ಕನ್ನಡ ಇರಬೇಕು. ಒಳ್ಳೆಯದು. ಅದಕ್ಕಾಗಿ ನಿಮ್ಮಂಥವರು ಲಾಠಿ ಏಟು ತಿಂದಿದ್ದೀರಿ. ಆದರೆ ಹೊರಗೆ ಬೋರ್ಡು ಕನ್ನಡ, ಒಳಗೆ ಬಿಲ್ಲು ಇಂಗ್ಲೀಷ್! ನನ್ನ ಪ್ರೆಸ್ಸಿಗೆ ಹತ್ತು ಬಿಲ್ ಬುಕ್ಕಿನ ಆರ್ಡರ್ ಬಂದರೆ ಕನ್ನಡದಲ್ಲಿ ಕೇಳುವವರು ಒಬ್ಬರೋ ಇಬ್ಬರೋ. ನಾನು ಅವರಿಗೆಲ್ಲ ಹೇಳುತ್ತೇನೆ, ಕನ್ನಡವನ್ನೂ ಸೇರಿಸಿ, ಡಿಟಿಪಿ ಕೂಲಿ ಬೇಡ ಅಂತ. ಕೆಲವರು ಒಪ್ಪುತ್ತಾರೆ. ಕೆಲವರು "ಕಸ್ಟಮರ್ ಯಾರೂ ಕೇಳಲ್ಲ ಸಾರ್" ಅನ್ನುತ್ತಾರೆ. ಅಲ್ಲಿಗೆ ಚೆಂಡು ಬಂದು ನಿಂತಿರುವುದು ನಿಮ್ಮ ಅಂಗಳದಲ್ಲಿ. ನೀವೇ ಆ ಕಸ್ಟಮರ್.

ಬ್ಯಾಂಕಿಗೆ ಹೋಗಿ. ಖಾತೆ ತೆರೆಯುವ ಅರ್ಜಿ, ಹಣ ಕಟ್ಟುವ ಚಲನ್, ಪಾಸ್‌ಬುಕ್ ಮೂರು ಭಾಷೆಯಲ್ಲಿ, ಅಂದರೆ ಇಂಗ್ಲೀಷ್, ಹಿಂದಿ ಮತ್ತು ಆ ರಾಜ್ಯದ ಭಾಷೆಯಲ್ಲಿ ಇರಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿದೆ. ಚೆಕ್ಕನ್ನು ಕನ್ನಡದಲ್ಲಿ ಬರೆಯಬಹುದೆಂದೂ ಹೇಳಿದೆ. ಈ ಸಭೆಯಲ್ಲಿ ಕನ್ನಡದಲ್ಲಿ ಚೆಕ್ಕು ಬರೆದವರು ಎಷ್ಟು ಜನ? ಕನ್ನಡದ ಚಲನ್ ಇಲ್ಲವೆಂದರೆ ಕೂಗಾಡಬೇಡಿ. ಕೌಂಟರಿನಲ್ಲಿ ಕೂತಿರುವ ಹುಡುಗಿಗೆ ಬೈಯಬೇಡಿ, ಅರ್ಜಿ ಅಚ್ಚು ಹಾಕಿಸಿದವಳು ಅವಳಲ್ಲ. ಒಂದು ಹಾಳೆಯಲ್ಲಿ ಕನ್ನಡದಲ್ಲಿ ದೂರು ಬರೆದು, ಮ್ಯಾನೇಜರಿಗೆ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಮುಂದಿನ ತಿಂಗಳು ಮತ್ತೆ ಹೋಗಿ. ಹಣ ತೆಗೆಯುವ ಯಂತ್ರದಲ್ಲಿ ಕನ್ನಡದ ಗುಂಡಿ ಒತ್ತಿ. ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರ ಕನ್ನಡದಲ್ಲಿ ಕೇಳಿ. ನಿಮಗೆ ಇಂಗ್ಲೀಷ್ ಬಂದರೂ ಕೇಳಿ. ನಿಮ್ಮ ಹಿಂದೆ ಸಾಲಿನಲ್ಲಿ ನಿಂತಿರುವ ಆಟೋದವನಿಗೆ ಇಂಗ್ಲೀಷ್ ಬರುವುದಿಲ್ಲ, ಕೇಳುವ ಧೈರ್ಯವೂ ಇಲ್ಲ. ನೀವು ಕೇಳುವುದು ಅವನ ಪರವಾಗಿ.

ನವೆಂಬರಿನಲ್ಲಿ ಬಾವುಟ ಕಟ್ಟೋಣ, ಬೇಡ ಅನ್ನುವುದಿಲ್ಲ. ಆ ಬಾವುಟದ ಕರಪತ್ರ ಅಚ್ಚು ಹಾಕಿ ಬದುಕುವವನೇ ನಾನು. ಆದರೆ ಉಳಿದ ಹನ್ನೊಂದು ತಿಂಗಳು ಭಾಷೆ ಇರಬೇಕಾದ್ದು ಬಿಲ್ಲಿನಲ್ಲಿ. ಐಲೀನ್ ಬೀಸ್ಲಿ ತಾಯಿ 2012ರಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ಅವರ ನಾಡಿನ ಪ್ರತಿ ಮನೆಗೂ ಎರಡು ಭಾಷೆಯ ತೆರಿಗೆ ಬಿಲ್ಲು ಬರುತ್ತಿತ್ತು. ಅದನ್ನು ಓದದೆ ಮಡಿಚಿಡುವವರೇ ಹೆಚ್ಚು ಇರಬಹುದು. ಇರಲಿ. ಬೇಕಾದವರಿಗೆ ಅದು ಅಲ್ಲಿದೆ.

ಇಲ್ಲಿರುವ ಒಬ್ಬೊಬ್ಬರೂ ಈ ವಾರ ಒಂದು ಕಾಗದ ಆರಿಸಿಕೊಳ್ಳಿ. ಒಂದೇ ಒಂದು. ಅದು ಕನ್ನಡದಲ್ಲಿ ಬರುವವರೆಗೂ ಬಿಡಬೇಡಿ. ಎಂಟು ವರ್ಷ ಬೇಕಾಗಲಾರದು, ಬೇಕಾದರೂ ನೀವೆಲ್ಲ ಇನ್ನೂ ಹುಡುಗರು. ಅರ್ಜಿಯ ಕನ್ನಡ ಪ್ರತಿ ತಯಾರು ಮಾಡಿ ಕೊಡಬೇಕು ಅಂದರೆ ನನ್ನ ಪ್ರೆಸ್ಸಿಗೆ ಬನ್ನಿ. ಡಿಟಿಪಿ ನನ್ನದು, ಪ್ರೂಫ್ ಮಾತ್ರ ನೀವು ನೋಡಬೇಕು.

ಸಿರಿಗನ್ನಡಂ ಗೆಲ್ಗೆ.